ಕಿಟಕಿಯ ಮೇಲಿನ ಭಾರ: ತೊಲೆ, ಜಂತಿ, ಜಾಲಂಧ್ರ

ಗೋಡೆಯಲ್ಲಿ ಕಿಂಡಿ ಬಿಟ್ಟರೆ ಅದರ ಮೇಲಿನ ಭಾರವನ್ನು ಏನಾದರೊಂದು ಹೊರಲೇಬೇಕು. ಕರ್ನಾಟಕದ ಹಳೆಯ ಗುಡಿಗಳೂ ಮನೆಗಳೂ ಇದಕ್ಕೆ ಕಲ್ಲಿನಲ್ಲಿ ಒಂದು, ಮರದಲ್ಲಿ ಇನ್ನೊಂದು ದಾರಿ ಕಂಡುಕೊಂಡಿವೆ.

ಅಡ್ಡತೊಲೆ ಮತ್ತು ಬೋದಿಗೆ

ಬಾಗಿಲು, ಕಿಟಕಿಗಳ ನೆತ್ತಿಯ ಮೇಲೆ ಅಡ್ಡಲಾಗಿ ಕೂರುವ ತೊಲೆಯನ್ನು ಗಾರೆಯವರು ಲಿಂಟಲ್ ಎನ್ನುತ್ತಾರೆ. ಗುಡಿಯ ಬಾಗಿಲಿನಲ್ಲಿ ಅದು ಉತ್ತರಂಗ. ಭಾರ ಬಿದ್ದಾಗ ತೊಲೆ ನಡುವೆ ತುಸು ಬಾಗುತ್ತದೆ. ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳಭಾಗ ಹಿಗ್ಗುತ್ತದೆ. ಕಲ್ಲು ಒತ್ತಡವನ್ನು ಸಲೀಸಾಗಿ ತಾಳುತ್ತದೆ, ಎಳೆತವನ್ನು ತಾಳದು. ಹೀಗಾಗಿ ಕಲ್ಲಿನ ತೊಲೆ ಸಾಮಾನ್ಯವಾಗಿ ಬಿರಿಯುವುದು ತಳದ ನಡುಭಾಗದಲ್ಲಿ. ಭಾರ ಉದ್ದಕ್ಕೂ ಸಮನಾಗಿ ಹರಡಿದ್ದರೆ, ಅಷ್ಟೇ ದಪ್ಪದ ತೊಲೆ ದಾಟುವ ಅಂತರ ಇಮ್ಮಡಿಯಾದಾಗ ಆ ಎಳೆತ ನಾಲ್ಕು ಪಟ್ಟಾಗುತ್ತದೆ. ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದು ಇದಕ್ಕೇ. ಕಂಬದ ತಲೆಯ ಮೇಲೆ ಕೈಚಾಚಿದ ಬೋದಿಗೆಯನ್ನು ಬರೀ ಅಲಂಕಾರವೆಂದು ನೋಡಬಾರದು. ತೊಲೆ ಆಸರೆಯಿಲ್ಲದೆ ದಾಟುವ ಅಂತರವನ್ನು ಅದು ಎರಡೂ ಕಡೆಯಿಂದ ತಗ್ಗಿಸುತ್ತದೆ. ಕಾಂಕ್ರೀಟ್ ಲಿಂಟಲ್‌ನ ಮುಖ್ಯ ಕಂಬಿಗಳು ತಳದಲ್ಲಿರುವುದೂ ಈ ಎಳೆತವನ್ನು ತಡೆಯಲೆಂದೇ.

ಜಾಲಂಧ್ರ

ಕಲ್ಲಿನ ಚಪ್ಪಡಿಯನ್ನೇ ಕೊರೆದು ಮಾಡಿದ ಕಿಟಕಿ ಜಾಲಂಧ್ರ. ಬಾದಾಮಿ ಚಾಲುಕ್ಯರ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಇದರ ನಾನಾ ವಿನ್ಯಾಸಗಳಿವೆ. ಬೇಲೂರಿನ ಚೆನ್ನಕೇಶವ ಗುಡಿ ಇನ್ನೂ ಸ್ಪಷ್ಟವಾದ ಪಾಠ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ಮಂಟಪ ತೆರೆದೇ ಇತ್ತು; ಜಾಲಂಧ್ರಗಳು ಬಂದದ್ದು ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲಕ್ಕೆ. ಅಂದರೆ ಅವು ಇಲ್ಲದೆಯೂ ಛಾವಣಿ ನಿಂತಿತ್ತು. ಭಾರವೆಲ್ಲ ಕಂಬ, ತೊಲೆಗಳದ್ದು. ಶಿಲ್ಪಿಗೆ ಅಷ್ಟು ಧಾರಾಳವಾಗಿ ಕೊರೆಯಲು ಸಾಧ್ಯವಾದದ್ದೂ ಅದರಿಂದಲೇ.

ಮಾಳಿಗೆ ಮನೆ

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಅದರ ಮೇಲೆ ಹಲಗೆ ಮತ್ತು ಮಣ್ಣು. ಗೋಡೆ ದಪ್ಪ, ಕಿಟಕಿ ಕಡಿಮೆ. ಬೆಳಕು ಛಾವಣಿಯ ಬೆಳಕಿಂಡಿಯಿಂದ ಇಳಿಯುತ್ತದೆ. ಮಲೆನಾಡಿನ ಹೆಂಚಿನ ಮನೆಯಲ್ಲಿ ಜಂತಿಯ ಜಾಗಕ್ಕೆ ಇಳಿಜಾರು ಪಕಾಸಿ, ಅದರ ಮೇಲೆ ರೀಪು. ಐಹೊಳೆಯ ಲಾಡಖಾನ್ ಗುಡಿಯ ಛಾವಣಿಯಲ್ಲಿ ಚಪ್ಪಡಿಗಳ ಸಂದು ಮುಚ್ಚಲು ಹಾಸಿದ ಉದ್ದನೆಯ ಕಲ್ಲುಪಟ್ಟಿಗಳು ಮರದ ಕೆಲಸವನ್ನೇ ನೆನಪಿಸುತ್ತವೆ.

ಹಳೆಯ ಮನೆಯ ಕಿಟಕಿ ಅಗಲಿಸುವವರು ಮೊದಲು ಅದರ ನೆತ್ತಿಯ ತೊಲೆಯನ್ನು ತಿಳಿದವರಿಂದ ನೋಡಿಸಿ. ಅದರ ಎರಡು ತುದಿಗಳೂ ಗೋಡೆಯೊಳಗೆ ಸಾಕಷ್ಟು ಕೂತಿರಬೇಕು. ತಳದಲ್ಲಿ ಬಿರುಕಿದ್ದರೆ ಆಸರೆ ಕೊಡದೆ ಗೋಡೆ ಮುಟ್ಟಬೇಡಿ.