ಟ್ಯಾಂಕಿನಲ್ಲಿ ಇಂಧನವಿದ್ದರೂ ಹೆಲಿಕಾಪ್ಟರ್ ಬಿದ್ದಿದ್ದೇಕೆ?

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಅದು ಪೂರ್ತಿ ನಿಜವಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತದೆ, ಇದೇ ಆಟೋರೊಟೇಶನ್. ಆದರೆ ಪೈಲಟ್ ಕೂಡಲೇ ಸ್ಪಂದಿಸಬೇಕು, ಇಳಿಯಲು ಬಯಲೂ ಬೇಕು. ಊರಿನ ಮೇಲೆ, ರಾತ್ರಿ ಹೊತ್ತು ಇದು ಬಲು ಕಷ್ಟ.

2013ರ ನವೆಂಬರ್ 29ರ ರಾತ್ರಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪೊಲೀಸ್ ಹೆಲಿಕಾಪ್ಟರೊಂದು ಕ್ಲೂಥಾ ಪಬ್‌ನ ಚಾವಣಿ ಮೇಲೆ ಬಿತ್ತು. ಸತ್ತ 10 ಜನರಲ್ಲಿ 7 ಮಂದಿ ಪಬ್‌ನಲ್ಲಿದ್ದವರು. ವಿಚಿತ್ರವೆಂದರೆ ಅದರಲ್ಲಿ 76 ಕೆ.ಜಿ. ಇಂಧನ ಇನ್ನೂ ಉಳಿದಿತ್ತು! ಅದರಲ್ಲಿ ಬಹುಪಾಲು ಇದ್ದದ್ದು ಮುಖ್ಯ ಟ್ಯಾಂಕಿನಲ್ಲಿ. ಅಲ್ಲಿಂದ ಎಂಜಿನ್‌ಗಳಿಗೆ ಇಂಧನ ಒದಗಿಸುವ ಚಿಕ್ಕ ಟ್ಯಾಂಕುಗಳಿಗೆ ಅದನ್ನು ಸಾಗಿಸುವ ಪಂಪುಗಳ ಸ್ವಿಚ್ ಆಫ್ ಆಗಿತ್ತು. ಇಂಧನ ಕಡಿಮೆಯೆಂಬ ಎಚ್ಚರಿಕೆ ಬಂದರೆ 10 ನಿಮಿಷದೊಳಗೆ ಇಳಿಯಬೇಕೆಂಬ ಸೂಚನೆಯಿತ್ತು. ಎಚ್ಚರಿಕೆ ಮತ್ತೆ ಮತ್ತೆ ಬಂದರೂ ಹಾರಾಟ ಮುಂದುವರಿದಿತ್ತು.