ಕರ್ನಾಟಕದಲ್ಲಿ ಎಂಜಿನಿಯರಿಂಗ್ ಶಿಕ್ಷಣ ಮತ್ತು ಅದರ ಸುಧಾರಣೆ

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಪದವಿ ಶಿಕ್ಷಣ ಬೇರೂರಿದ್ದು 20ನೆಯ ಶತಮಾನದ ಎರಡನೆಯ ದಶಕದಲ್ಲಿ. ಅಂದಿನಿಂದ ಇದರ ಚರಿತ್ರೆ ಎರಡು ದಾರಿಗಳಲ್ಲಿ ಸಾಗಿದೆ: ವಿದ್ಯಾರ್ಥಿಗಳಿಗೆ ಸೀಟು ಒದಗಿಸುವುದು ಒಂದು, ಅವರಿಗೆ ಪಾಠ ಹೇಳುವವರನ್ನು ತಯಾರು ಮಾಡುವುದು ಇನ್ನೊಂದು. ಮೊದಲನೆಯ ಕೆಲಸ ಬಿರುಸಾಗಿ ನಡೆಯಿತು. ಎರಡನೆಯದು ಯಾವಾಗಲೂ ಕುಂಟುತ್ತಲೇ ಬಂತು.

ಬ್ರಿಟಿಷ್ ಆಡಳಿತಕ್ಕೆ ರಸ್ತೆ, ಕಾಲುವೆ, ಸೇತುವೆ ಕಟ್ಟುವ ಕೈಗಳು ಬೇಕಿದ್ದವು. ಗಿಂಡಿ ಕಾಲೇಜಿನ ಮೂಲವಾದ ಮದರಾಸಿನ ಸರ್ವೆ ಶಾಲೆ (1794), ರೂರ್ಕಿ (1847), ಪುಣೆ (1854) ಇವೆಲ್ಲ ಹುಟ್ಟಿದ್ದು ಆ ಅಗತ್ಯದಿಂದ. ಮೈಸೂರು ಸಂಸ್ಥಾನದ ಹುಡುಗರು ಎಂಜಿನಿಯರ್ ಆಗಬೇಕಾದರೆ ಹೊರಗೇ ಹೋಗಬೇಕಿತ್ತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಓದಿದ್ದೂ ಪುಣೆಯಲ್ಲಿಯೇ. ಅವರು ದಿವಾನರಾಗಿದ್ದಾಗ (1912–18) ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು (1916). ಮರುವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಇಂದಿನ ಯುವಿಸಿಇ ಅದೇ. ಆ ಹೊತ್ತಿಗೆ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ ಒಂದೂವರೆ ದಶಕವಾಗಿತ್ತು, ಕನ್ನಂಬಾಡಿಯ ಕಟ್ಟೆ ಏಳುತ್ತಿತ್ತು. ಕಲಿತದ್ದನ್ನು ಕಣ್ಣೆದುರೇ ಪ್ರಯೋಗಿಸಿ ನೋಡುವ ಅನುಕೂಲ ಆ ತಲೆಮಾರಿಗೆ ಸಿಕ್ಕಿತು. ಮುಂದೆ ಬಂದ ಬಹುಪಾಲು ಕಾಲೇಜುಗಳಿಗೆ ಅದು ಸಿಗಲಿಲ್ಲ. 1909ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಉನ್ನತ ಅಧ್ಯಯನದ ನೆಲೆಯಾಯಿತು. ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದ ಬೆನ್ನಿಗೇ, 1942ರಲ್ಲಿ, ಆ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗವೂ ಆರಂಭವಾಯಿತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸಮಾಜದ ಉಪಕ್ರಮ ಸರ್ಕಾರಕ್ಕಿಂತ ಮುಂದಿತ್ತು. ಬಿ. ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಬೆಂಗಳೂರಿನಲ್ಲಿ ಕಾಲೇಜು ಕಟ್ಟಿದರು. ದೇಶದ ಮೊದಲ ಖಾಸಗಿ ಎಂಜಿನಿಯರಿಂಗ್ ಕಾಲೇಜೆಂದು ಅದಕ್ಕೆ ಹೆಸರು. ಅದೇ ವರ್ಷ ಮೈಸೂರಿನಲ್ಲಿ ಎನ್ಐಇ, ಮರುವರ್ಷ ಹುಬ್ಬಳ್ಳಿಯಲ್ಲಿ ಬಿವಿಬಿ ಬಂದವು. ಮಣಿಪಾಲ (1957), ಕಲಬುರಗಿ (1958) ಮತ್ತು ಹಾಸನ (1960) ಆಮೇಲಿನವು. ಕೇಂದ್ರ ಮತ್ತು ರಾಜ್ಯ ಜೊತೆಗೂಡಿ ನಡೆಸುವ ಪ್ರಾದೇಶಿಕ ಕಾಲೇಜು 1960ರಲ್ಲಿ ಸುರತ್ಕಲ್ಲಿಗೆ ದಕ್ಕಿತು. ಅದನ್ನು ತರಲು ಸಂಸದ ಶ್ರೀನಿವಾಸ ಮಲ್ಯರು ಬಹಳ ಶ್ರಮಿಸಿದರು. ಇದು ಈಗಿನ ಎನ್ಐಟಿಕೆ.

ಕಾಲೇಜುಗಳೇನೋ ಬಂದವು, ಮೇಷ್ಟ್ರುಗಳು ಎಲ್ಲಿಂದ ಬರಬೇಕು? ಶಾಲೆಯಲ್ಲಿ ಕಲಿಸುವವರಿಗೆ ಬಿ.ಎಡ್. ಬೇಕು; ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವವರಿಗೆ ಬೋಧನೆಯ ತರಬೇತಿ ಬೇಕೆಂದು ಬಹುಕಾಲ ಯಾರಿಗೂ ಅನ್ನಿಸಲಿಲ್ಲ. ನಿನ್ನೆ ಪದವಿ ಪಡೆದವರು ಇಂದು ತಮ್ಮದೇ ನೋಟ್ಸ್ ಹಿಡಿದು ತರಗತಿಗೆ ಬರುವುದು ರೂಢಿಯೇ ಆಗಿತ್ತು. 1960ರ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರ ಮದರಾಸು, ಕಲ್ಕತ್ತ, ಭೋಪಾಲ, ಚಂಡೀಗಢಗಳಲ್ಲಿ ತಾಂತ್ರಿಕ ಅಧ್ಯಾಪಕರ ತರಬೇತಿ ಸಂಸ್ಥೆಗಳನ್ನು ತೆರೆಯಿತು. ಅವುಗಳ ಗಮನ ಹೆಚ್ಚಾಗಿ ಪಾಲಿಟೆಕ್ನಿಕ್‌ಗಳ ಕಡೆಗಿತ್ತು. ಪದವಿ ಕಾಲೇಜುಗಳ ಪಾಲಿಗೆ ನಿಜವಾದ ತಿರುವು 1970ರಲ್ಲಿ ಶುರುವಾದ ಗುಣಮಟ್ಟ ಸುಧಾರಣಾ ಕಾರ್ಯಕ್ರಮ. ಅಧ್ಯಾಪಕರು ‘ಕ್ಯೂಐಪಿ’ ಎಂದೇ ಕರೆಯುವ ಈ ಯೋಜನೆಯಲ್ಲಿ, ಕೆಲಸದಲ್ಲಿರುವವರು ಸಂಬಳ ಕಳೆದುಕೊಳ್ಳದೆ ಐಐಟಿಗಳಿಗೋ ಭಾರತೀಯ ವಿಜ್ಞಾನ ಸಂಸ್ಥೆಗೋ ಹೋಗಿ ಎಂ.ಟೆಕ್., ಪಿಎಚ್.ಡಿ. ಮುಗಿಸಿ ಬರಬಹುದಿತ್ತು. ಹಾಗೆ ಹೋಗಿ ಬಂದವರು ಪದವಿಯ ಜೊತೆಗೆ ಹೊಸ ಪಠ್ಯವನ್ನೂ ಲ್ಯಾಬ್ ಕಟ್ಟುವ ಹುಮ್ಮಸ್ಸನ್ನೂ ತಂದರು. ಈ ಶಿಕ್ಷಣಕ್ಕಾಗಿ ರೂಪಿಸಿದ ಯೋಜನೆಗಳಲ್ಲಿ ಇಷ್ಟು ಸರಳವಾಗಿದ್ದು ಇಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ಅಷ್ಟರಲ್ಲಿ ಕ್ಯಾಪಿಟೇಶನ್ ಯುಗ ಬಂದಿತ್ತು. ಹಣ ಕೊಟ್ಟವರಿಗೆ ಸೀಟು ಎಂಬ ಪದ್ಧತಿ ಹಬ್ಬಿ ಹೊರರಾಜ್ಯಗಳ ವಿದ್ಯಾರ್ಥಿಗಳೂ ಇಲ್ಲಿಗೆ ಬಂದರು. 1984ರಲ್ಲಿ ರಾಜ್ಯ ಇದರ ವಿರುದ್ಧ ಕಾಯ್ದೆ ಮಾಡಿತು. ವೈದ್ಯಕೀಯ ಸೀಟಿನ ವಿಷಯವಾಗಿ ನಡೆದ ಮೋಹಿನಿ ಜೈನ್ ಪ್ರಕರಣ (1992), ಅದರ ಮುಂದಿನ ವರ್ಷದ ಉನ್ನಿಕೃಷ್ಣನ್ ಪ್ರಕರಣ, 2002ರ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣ ಇವುಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳು ಪ್ರವೇಶದ ನಿಯಮಗಳನ್ನು ಮತ್ತೆ ಮತ್ತೆ ತಿದ್ದಿದವು. ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಮನೆಮನೆಗೂ ಗೊತ್ತಿರುವ ಸಿಇಟಿ, ಈ ಗದ್ದಲದ ನಡುವೆ ನೆಲೆಯೂರಿತು. ಹಳ್ಳಿಯ ಬಡ ಮಕ್ಕಳಿಗೆ ಒಳ್ಳೆಯ ಕಾಲೇಜಿನ ಬಾಗಿಲು ತೆರೆದದ್ದು ಅದರ ದೊಡ್ಡ ಕೊಡುಗೆ. ಒಳಗೆ ಹೋದ ಮೇಲೆ ಸಿಗುವ ಪಾಠದ ಗುಣಮಟ್ಟ ಮಾತ್ರ ಅದರ ವ್ಯಾಪ್ತಿಗೆ ಬರುವಂಥದಲ್ಲ.

ಅಲ್ಲಿಯವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ಕಾಲೇಜುಗಳು 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಗೆ ಬಂದವು. ಬೀದರಿನಲ್ಲೂ ಮಂಗಳೂರಿನಲ್ಲೂ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ ಎಂಬುದು ಹಿಂದುಳಿದ ಕಾಲೇಜನ್ನು ಮೇಲೆತ್ತಿತು. ಸ್ವಂತವಾಗಿ ಏನಾದರೂ ಮಾಡಬಲ್ಲ ಕಾಲೇಜಿನ ಕೈಯನ್ನೂ ಕಟ್ಟಿತು. ಸ್ವಾಯತ್ತತೆಗಾಗಿ ಎದ್ದ ಬೇಡಿಕೆಯ ಹಿಂದಿದ್ದದ್ದು ಈ ಕಟ್ಟೇ. ಅಧ್ಯಾಪಕರ ಕೊರತೆಗೆ ಉಪಗ್ರಹದ ಮೂಲಕ ಪರಿಹಾರ ಹುಡುಕಿದ್ದೂ ವಿಟಿಯು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್‌ನ ಮೊದಲ ಬಳಕೆದಾರರಲ್ಲಿ ಅದೂ ಒಂದು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ರೂಪಿಸಿದ ಎನ್‌ಪಿಟೆಲ್ ವಿಡಿಯೊ ಪಾಠಗಳು ಆ ಕೆಲಸವನ್ನು ಮುಂದೆ ಇನ್ನೂ ಚೆನ್ನಾಗಿ ಮಾಡಿದವು. ಅವುಗಳಿಂದ ವಿದ್ಯಾರ್ಥಿಗಳಷ್ಟೇ ಅಧ್ಯಾಪಕರೂ ಕಲಿತರು.

ಕನ್ನಡಿಗ ವಿಜ್ಞಾನಿ ಯು. ಆರ್. ರಾವ್ ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಕಾರ್ಯವೈಖರಿಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಸೀಟುಗಳು ಮಿತಿಮೀರಿರುವ ರಾಜ್ಯಗಳಲ್ಲಿ ಕೆಲಕಾಲ ಹೊಸ ಕಾಲೇಜುಗಳಿಗೆ ಅನುಮತಿ ಬೇಡ ಎಂಬುದು ಅದರ ಸಲಹೆಗಳಲ್ಲೊಂದು. ಕಾಲೇಜುಗಳು ಏಳುವುದು ಅದರಿಂದೇನೂ ನಿಲ್ಲಲಿಲ್ಲ. ಇರುವ ಕಾಲೇಜುಗಳ ಗುಣಮಟ್ಟ ಹೆಚ್ಚಿಸಲು ರೂಪಿಸಿದ, ವಿಶ್ವಬ್ಯಾಂಕ್ ನೆರವಿನ ಟೆಕ್ವಿಪ್ ಯೋಜನೆ ಮೂರು ಹಂತಗಳಲ್ಲಿ ನಡೆದು 2021ರಲ್ಲಿ ಮುಗಿಯಿತು.

ಕಲಿಸುವ ಬಗೆಯನ್ನೇ ಬದಲಿಸಬೇಕೆಂಬ ಪ್ರಯತ್ನಗಳಲ್ಲಿ ಹುಬ್ಬಳ್ಳಿಯ ಪಾತ್ರ ದೊಡ್ಡದು. ಭಾರತ–ಅಮೆರಿಕ ಸಹಯೋಗದ ಐಯುಸಿಇಇ ಸಂಘಟನೆ 2008ರಲ್ಲಿ ಮೈಸೂರಿನ ಇನ್ಫೊಸಿಸ್ ಆವರಣದಲ್ಲಿ ಅಧ್ಯಾಪಕರಿಗಾಗಿ ಬೇಸಿಗೆ ಶಿಬಿರಗಳನ್ನು ನಡೆಸಿತು. ಎಂಜಿನಿಯರಿಂಗ್ ಬೋಧನೆಯ ಪರಿವರ್ತನೆಗೆ ಮೀಸಲಾದ ಅದರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ 2014ರಲ್ಲಿ ಬಿವಿಬಿ ಆತಿಥ್ಯ ವಹಿಸಿತು. ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಆ ಸಂಸ್ಥೆ, ಮೊದಲ ವರ್ಷದಲ್ಲೇ ಬೇರೆ ಬೇರೆ ಬ್ರಾಂಚಿನವರನ್ನು ತಂಡ ಮಾಡಿ ಒಂದು ಸಮಸ್ಯೆ ಆರಿಸಿ ಮಾದರಿ ತಯಾರಿಸುವ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್’ ಎಂಬ ಕೋರ್ಸನ್ನು ರೂಪಿಸಿತು. ಲ್ಯಾಬ್ ರೆಕಾರ್ಡ್ ನಕಲು ಮಾಡಿ ಅಂಕ ಪಡೆಯುವ ಅಭ್ಯಾಸಕ್ಕೆ ಇದು ಒಳ್ಳೆಯ ಮದ್ದು.

2014ರಲ್ಲಿಯೇ ಭಾರತ, ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ವಿದ್ಯಾರ್ಥಿ ಏನನ್ನು ಮಾಡಬಲ್ಲವನಾದ ಎಂಬುದನ್ನು ಅಳೆಯುವ ಫಲಿತಾಧಾರಿತ ಶಿಕ್ಷಣ ಇದರಿಂದಾಗಿ ಮಾನ್ಯತೆಯ ಅಳತೆಗೋಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅನೇಕ ಕಡೆ ಅದು ಸಿಒ-ಪಿಒ (ಕೋರ್ಸಿನ ಮತ್ತು ಇಡೀ ಪದವಿಯ ನಿರೀಕ್ಷಿತ ಫಲಿತಗಳ) ಪಟ್ಟಿ ತುಂಬುವ, ತಪಾಸಣೆಯ ತಂಡ ಬರುವ ಮುನ್ನ ಫೈಲು ಹೊಂದಿಸುವ ಕೆಲಸವಾಗಿ ಇಳಿದಿದೆ.

ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲಿ ದಾರಿ ಮಾಡಿಕೊಟ್ಟಿತು. ಕನ್ನಡ ಮಾಧ್ಯಮಕ್ಕೆ ಮುಂದೆ ಬಂದ ಕಾಲೇಜುಗಳೂ ವಿದ್ಯಾರ್ಥಿಗಳೂ ವಿರಳ. ಕೆಲಸ ಸಿಗದೆಂಬ ಭಯ ಒಂದು ಕಡೆ, ಕನ್ನಡದಲ್ಲಿ ಈ ವಿಷಯಗಳನ್ನು ಪಾಠ ಹೇಳಿ ರೂಢಿಯಿರುವ ಅಧ್ಯಾಪಕರಿಲ್ಲದ ತೊಡಕು ಇನ್ನೊಂದು ಕಡೆ.

ವಿದ್ಯಾರ್ಥಿಗಳು ‘ಸ್ಕೀಮ್’ ಎನ್ನುವ ವಿಟಿಯು ಪಠ್ಯಕ್ರಮ 2015, 2017, 2018, 2021, 2022 ಹೀಗೆ ಬೇಗ ಬೇಗ ಬದಲಾಗಿದೆ. ಒಂದು ಸ್ಕೀಮನ್ನು ಪೂರ್ತಿ ಕಲಿಸಿ ಅದರ ಗುಣದೋಷ ತಿಳಿಯುವಷ್ಟು ಕಾಲವೂ ಅಧ್ಯಾಪಕರಿಗೆ ಸಿಕ್ಕಿಲ್ಲ.