ಸರಕಾರದ ಖರೀದಿಯೂ ಸಣ್ಣ ಉತ್ಪಾದಕರೂ: ಬೆಂಗೇರಿಯ ಧ್ವಜವಸ್ತ್ರದ ನಿದರ್ಶನ

ಸರಕಾರವು ಆಳುವ ಸಂಸ್ಥೆಯಷ್ಟೇ ಅಲ್ಲ, ಕೊಳ್ಳುವ ಸಂಸ್ಥೆಯೂ ಹೌದು. ಕಚೇರಿಯ ಕಾಗದ, ಆಸ್ಪತ್ರೆಯ ಹೊದಿಕೆ, ಪೋಲೀಸರ ಉಡುಪು ಇವೆಲ್ಲವನ್ನೂ ಅದು ಯಾರಿಂದಲಾದರೂ ಕೊಳ್ಳಲೇಬೇಕು. ಯಾರಿಂದ ಕೊಳ್ಳತಕ್ಕದ್ದೆಂಬ ನಿಯಮವು ಅನೇಕ ಬಡ ಕುಟುಂಬಗಳ ಜೀವನೋಪಾಯವನ್ನು ನಿರ್ಧರಿಸುತ್ತದೆ. ಆದಾಗ್ಯೂ ಭೂಕಂದಾಯದ ಇತಿಹಾಸಕ್ಕೆ ದೊರೆತಿರುವ ಗಮನವು ಖರೀದಿಯ ಇತಿಹಾಸಕ್ಕೆ ದೊರೆತಿಲ್ಲ. ಈ ವಿಷಯವನ್ನು ಹುಬ್ಬಳ್ಳಿಯ ಪರಿಸರದಿಂದ ಆಯ್ದ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯು ಎರೆಭೂಮಿಯ ಸೀಮೆಗೆ ಸೇರಿದುದು. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಷೈರಿನ ಗಿರಣಿಗಳು ಭಾರತದ ಹತ್ತಿಗಾಗಿ ಕೈಚಾಚಿದುವು. ಧಾರವಾಡ ಜಿಲ್ಲೆಯ ಹತ್ತಿಗೂ ಬೇಡಿಕೆ ಹೆಚ್ಚಿತು. ಹೀಗೆ ಅರಳೆಗೆ ಕೊಳ್ಳುವವರಿದ್ದರು. ಅದನ್ನೇ ಕೈಯಿಂದ ನೂತು ನೇಯ್ದ ಬಟ್ಟೆಯು ಮಾತ್ರ ಗಿರಣಿಯ ಬಟ್ಟೆಯ ಮುಂದೆ ನಿಲ್ಲಲಾರದಾಯಿತು. ಸರಕಾರದಿಂದಲೂ ಅದಕ್ಕೆ ಆಸರೆ ಇರಲಿಲ್ಲ. ಅಂದಿನ ಆಡಳಿತವು ತನಗೆ ಬೇಕಾದ ಸಾಮಗ್ರಿಯ ಬಹುಭಾಗವನ್ನು ಲಂಡನ್ನಿನ ಇಂಡಿಯಾ ಆಫೀಸಿನ ಮುಖಾಂತರ ತರಿಸಿಕೊಳ್ಳುತ್ತಿತ್ತು. ಭಾರತದಲ್ಲಿಯೇ ಕೊಳ್ಳುವುದಕ್ಕಾಗಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ ಸ್ಥಾಪಿತವಾದುದು 1922ರಲ್ಲಿ.

ಸ್ವಾತಂತ್ರ್ಯಾನಂತರ ಈ ದೃಷ್ಟಿ ಬದಲಾಯಿತು. 1955ರಲ್ಲಿ ದ. ಗೋ. ಕರ್ವೆಯವರ ಸಮಿತಿಯು ಗ್ರಾಮೋದ್ಯೋಗ ಹಾಗೂ ಸಣ್ಣ ಕೈಗಾರಿಕೆಗಳ ರಕ್ಷಣೆಯನ್ನು ಶಿಫಾರಸು ಮಾಡಿತು. ಅದೇ ವರ್ಷ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮವು ಹುಟ್ಟಿತು. ಸರಕಾರದ ಖರೀದಿಯಲ್ಲಿ ಸಣ್ಣ ಘಟಕಗಳಿಗೆ ಪಾಲು ದೊರಕಿಸುವುದು ಅದರ ಕಾರ್ಯಗಳಲ್ಲೊಂದು. ಮುಂದೆ ಕೇಂದ್ರ ಸರಕಾರವು ಕೆಲವು ವಸ್ತುಗಳನ್ನು ಸಣ್ಣ ಘಟಕಗಳಿಂದಲೇ ಕೊಳ್ಳತಕ್ಕದ್ದೆಂದು ಕಾದಿರಿಸಿತು. ಉಳಿದವುಗಳಲ್ಲಿ ದೊಡ್ಡ ಘಟಕಗಳ ಬೆಲೆಗಿಂತ ಶೇಕಡಾ 15ರ ವರೆಗೆ ಹೆಚ್ಚು ಬೆಲೆ ಕೊಡಲು ಅವಕಾಶವಿತ್ತಿತು.

ಆದರೆ ನಮ್ಮ ನಿದರ್ಶನದಲ್ಲಿ ರಕ್ಷಣೆ ದೊರೆತ ಬಗೆಯೇ ಬೇರೆ. 1957ನೆಯ ನವೆಂಬರಿನಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. 2006ರಲ್ಲಿ ಇದಕ್ಕೆ ರಾಷ್ಟ್ರಧ್ವಜ ತಯಾರಿಕೆಗಾಗಿ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ದೊರೆಯಿತು. ಇಲ್ಲಿ ದುಡಿಯುವವರಲ್ಲಿ ಬಹುಮಂದಿ ಸ್ತ್ರೀಯರು. ಧ್ವಜದ ಮಾನಕವು 1951ರಲ್ಲಿಯೇ ರಚಿತವಾಗಿ, 1968ರಲ್ಲಿ ಪರಿಷ್ಕೃತವಾಗಿತ್ತು. ಅದರ ಪ್ರಕಾರ ಧ್ವಜಕ್ಕೆ 6300 × 4200 ಮಿಲಿಮೀಟರಿನಿಂದ 150 × 100 ಮಿಲಿಮೀಟರಿನ ವರೆಗೆ ಒಂಬತ್ತು ಅಳತೆಗಳಿವೆ. ನೂಲು, ಬಣ್ಣ, ಹೊಲಿಗೆ, ಹಗ್ಗ ಒಂದೊಂದಕ್ಕೂ ನಿಯಮವುಂಟು. 2002ರ ಧ್ವಜಸಂಹಿತೆಯೂ ಕೈಯಿಂದ ನೂತು ನೇಯ್ದ ಬಟ್ಟೆಯನ್ನೇ ವಿಧಿಸಿತ್ತು.

ಈ ನಿಯಮದ ಸ್ವರೂಪವು ಗಮನಾರ್ಹವಾದುದು. ಬಡವರಿಂದ ಕೊಳ್ಳಿರೆಂದು ಅದು ಹೇಳಲಿಲ್ಲ. ವಸ್ತುವು ಇಂಥದ್ದಿರಬೇಕೆಂದು ಮಾತ್ರ ಹೇಳಿತು. ಅಂಥ ವಸ್ತುವನ್ನು ಮಾಡಬಲ್ಲವರು ನೂಲುವ ನೇಯುವ ಬಡವರೇ ಆಗಿದ್ದುದರಿಂದ ಸರಕಾರಿ ಕಚೇರಿಗಳ ಬೇಡಿಕೆ ಅವರಿಗೆ ತಾನಾಗಿ ಬಂದಿತು. ಗಿರಣಿಯ ಬೆಲೆಯೊಡನೆ ಸ್ಪರ್ಧಿಸುವ ಪ್ರಮೇಯವೂ ಅವರಿಗೆ ಒದಗಲಿಲ್ಲ, ದಯೆಯನ್ನು ಬೇಡುವ ಪ್ರಮೇಯವೂ ಒದಗಲಿಲ್ಲ.

ಅದರ ದೌರ್ಬಲ್ಯವೂ ಅಲ್ಲಿಯೇ ಇದ್ದಿತು. 2021ನೆಯ ಡಿಸೆಂಬರ್ 30ರ ತಿದ್ದುಪಡಿಯು ಯಂತ್ರದಿಂದ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿಯಿತ್ತಿತು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಗೂ ಧ್ವಜವೆಂಬ ಅಭಿಯಾನ ನಡೆದಾಗ ಬೇಡಿಕೆಯು ಅಪಾರವಾಗಿ ಬೆಳೆಯಿತಾದರೂ ಅದು ಚರಕಕ್ಕೇ ಮೀಸಲಾಗಿ ಉಳಿಯಲಿಲ್ಲ. ಅಗ್ಗದ ಧ್ವಜದಿಂದ ಅದು ಸಾಮಾನ್ಯರ ಕೈಗೆಟುಕಿತೆಂಬುದು ನಿಜ. ಆದರೆ ನೂಲುವವಳ ಏಕೈಕ ನಿಶ್ಚಿತ ಪೇಟೆ ಸಡಿಲವಾಯಿತೆಂಬುದೂ ಅಷ್ಟೇ ನಿಜ. ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಬೇಕೆಂದು ಬೆಂಗೇರಿಯ ಸಂಘವು ಆಗ್ರಹಪಡಿಸಿತು.

ರಾಜ್ಯ ಸರಕಾರದ ಇನ್ನೊಂದು ಕ್ರಮವನ್ನು ಇದರೊಡನೆ ಹೋಲಿಸಬಹುದು. ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮವು 1999ರದು. ಅನಂತರದ ತಿದ್ದುಪಡಿಯಿಂದ 50 ಲಕ್ಷ ರೂಪಾಯಿ ಮೀರದ ಕಾಮಗಾರಿಗಳಲ್ಲಿ ಶೇಕಡಾ 17.15 ಪರಿಶಿಷ್ಟ ಜಾತಿಯವರಿಗೂ ಶೇಕಡಾ 6.95 ಪರಿಶಿಷ್ಟ ಪಂಗಡದವರಿಗೂ ಮೀಸಲಾದುವು. 2023ರಲ್ಲಿ ಈ ಮಿತಿಯನ್ನು 1 ಕೋಟಿಗೆ ಏರಿಸಲಾಯಿತು. ಇಲ್ಲಿ ಕಾನೂನು ವಸ್ತುವನ್ನಲ್ಲ, ವ್ಯಕ್ತಿಯನ್ನು ಹೆಸರಿಸುತ್ತದೆ. ಗುತ್ತಿಗೆಯ ಬಾಗಿಲು ಮುಚ್ಚಿದ್ದವರಿಗೆ ಇದರಿಂದ ಪ್ರವೇಶ ದೊರೆಯಿತೆಂಬುದು ನಿಸ್ಸಂದೇಹ. ಆದರೆ ಟೆಂಡರು ಹಾಕಲು ಬಂಡವಾಳವೂ ಠೇವಣಿಯೂ ಬೇಕು. ಚರಕವಲ್ಲದೆ ಬೇರೆ ಆಸ್ತಿಯಿಲ್ಲದವಳು ಟೆಂಡರು ಹಾಕಲಾರಳು.

ಆದುದರಿಂದ ಈ ಎರಡು ಮಾರ್ಗಗಳಲ್ಲಿ ಒಂದು ಮತ್ತೊಂದರ ಕೆಲಸವನ್ನು ಮಾಡಲಾರದು. ಪಾಲಿನ ನಿಯಮವು ಉದ್ಯಮಿಯನ್ನು ಕಾಯುತ್ತದೆ. ವಸ್ತುವಿನ ನಿಯಮವು ಕಸುಬನ್ನೂ ಅದನ್ನು ನಂಬಿದ ಕೂಲಿಯವರನ್ನೂ ಕಾಯುತ್ತದೆ. ಮೊದಲನೆಯದನ್ನು ಬದಲಿಸಬೇಕಾದರೆ ವಿಧಾನಮಂಡಲದಲ್ಲಿ ಚರ್ಚೆ ನಡೆಯಬೇಕು. ಎರಡನೆಯದು ಒಂದು ಆದೇಶದಿಂದ ಬದಲಾಯಿತು. ಹೊರಗಿನ ಬೇಡಿಕೆಯನ್ನೇ ನಂಬಿ ಹತ್ತಿ ಬೆಳೆದ ಈ ಸೀಮೆಯು, ಆ ಬೇಡಿಕೆ ಯುದ್ಧದೊಡನೆ ಬಂದು ಯುದ್ಧದೊಡನೆ ಇಳಿದುದನ್ನು 1865ರ ತರುವಾಯ ಕಂಡಿತ್ತು. ಸರಕಾರವೆಂಬ ಕೊಳ್ಳುಗನನ್ನೊಬ್ಬನನ್ನೇ ನಂಬಿದವರ ಸ್ಥಿತಿಯೂ ಅದಕ್ಕಿಂತ ಹೆಚ್ಚು ಭದ್ರವಲ್ಲವೆಂಬುದನ್ನು ಬೆಂಗೇರಿಯ ಇತಿಹಾಸವು ತೋರಿಸಿಕೊಡುತ್ತದೆ. ನೂಲುವವರ ಕೂಲಿಯ ಲೆಕ್ಕಪುಸ್ತಕಗಳನ್ನು ಅವು ನಶಿಸುವ ಮೊದಲೇ ಸಂಗ್ರಹಿಸಿ ಅಭ್ಯಸಿಸುವುದು ನಮ್ಮ ಸಂಶೋಧಕರ ಕರ್ತವ್ಯವಾಗಿದೆ.